ಯಾರಿಗೆ, ಎಷ್ಟು, ಯಾವಾಗ?

ಯಾರ ಮನೆಗೆ ಹೋದರೂ ಔಷಧದ ಡಬ್ಬಿಯೊಂದು ಇದ್ದೇ ಇರುತ್ತದೆ. ಕೆಲವರಲ್ಲಿ ಅದು ಬೀರುವಿನ ಮೇಲಿಟ್ಟ ಬಿಸ್ಕತ್ತಿನ ತಗಡಿನ ಡಬ್ಬಿ. ಕೆಲವರಲ್ಲಿ ಅಡಿಗೆಮನೆಯ ಗೋಡೆಯ ಒಂದು ಗೂಡು. ಹೋದ ಮಳೆಗಾಲದಲ್ಲಿ ದೊಡ್ಡ ಹುಡುಗನ ಕೆಮ್ಮಿಗೆಂದು ತಂದು ಅರ್ಧ ಉಳಿದ ಸೀಸೆ, ಮಾವನವರ ರಕ್ತದೊತ್ತಡದ ಮಾತ್ರೆ, ಯಾವುದಕ್ಕೆ ತಂದದ್ದೆಂದು ಯಾರಿಗೂ ನೆನಪಿಲ್ಲದ ನಾಲ್ಕು ಗುಳಿಗೆ, ಎಲ್ಲವೂ ಅದರೊಳಗೆ ಒಟ್ಟಿಗೆ ಸಂಸಾರ ಮಾಡುತ್ತಿರುತ್ತವೆ. ನಡುರಾತ್ರಿ ಮಗುವಿನ ಮೈ ಕೆಂಡದಂತೆ ಸುಟ್ಟಾಗ ನಮ್ಮ ಕೈ ಮೊದಲು ಹೋಗುವುದು ಆ ಡಬ್ಬಿಗೆ. ಬಸುರಿ ಸೊಸೆ ತಲೆನೋವೆಂದಾಗಲೂ ಅಷ್ಟೇ.

ಆ ಕೈಯನ್ನು ತಡೆಯಬೇಕೆಂಬುದು ಈ ಭಾಷಣದ ಉದ್ದೇಶವಲ್ಲ. ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ರೂಢಿ ಬೆಳೆಯಲಿ ಎಂಬುದಷ್ಟೇ ಆಶೆ. ಈ ಔಷಧ ಯಾರಿಗೆ? ಎಷ್ಟು? ಯಾವಾಗ? ಒಂದೇ ಮದ್ದು ಒಬ್ಬರಿಗೆ ಅಮೃತವಾಗಿ, ಇನ್ನೊಬ್ಬರಿಗೆ ವಿಷವಾಗಬಲ್ಲದು. ಒಬ್ಬರಿಗೇ ಈ ಹೊತ್ತು ಒಳ್ಳೆಯದಾದದ್ದು ಇನ್ನೊಂದು ಹೊತ್ತಿಗೆ ಕೆಡುಕಾಗಬಲ್ಲದು. ಈ ಮಾತು ಮಕ್ಕಳ ಮತ್ತು ಗರ್ಭಿಣಿಯರ ವಿಷಯದಲ್ಲಿ ನಿಜವಾದಷ್ಟು ಬೇರೆಲ್ಲಿಯೂ ನಿಜವಲ್ಲ.

ಮೊದಲು ಮಕ್ಕಳ ವಿಚಾರ. ಮಗುವೆಂದರೆ ಗಾತ್ರದಲ್ಲಿ ಚಿಕ್ಕದಾದ ದೊಡ್ಡ ಮನುಷ್ಯ, ಆದ್ದರಿಂದ ದೊಡ್ಡವರ ಮಾತ್ರೆಯನ್ನು ಮುರಿದು ಅರ್ಧವೋ ಕಾಲೋ ಕೊಟ್ಟರಾಯಿತು ಎಂಬ ಭಾವನೆ ನಮ್ಮಲ್ಲಿ ಬಹಳ ಮಂದಿಗಿದೆ. ಇದು ತಪ್ಪು. ನುಂಗಿದ ಔಷಧವನ್ನು ಒಡೆದು ಪಳಗಿಸುವುದು ಯಕೃತ್ತಿನ ಕೆಲಸ. ಅದನ್ನು ಹೊರಗೆ ಹಾಕುವುದು ಮೂತ್ರಪಿಂಡಗಳ ಕೆಲಸ. ಹುಟ್ಟಿದ ಕೂಸಿನಲ್ಲಿ ಇವೆರಡೂ ಇನ್ನೂ ಕೆಲಸ ಕಲಿಯುತ್ತಿರುತ್ತವೆ. ದೊಡ್ಡವರ ಮೈಯಿಂದ ಕೆಲವು ಗಂಟೆಗಳಲ್ಲಿ ಹೊರಟುಹೋಗುವ ಮದ್ದು ಎಳೆಗೂಸಿನ ಮೈಯಲ್ಲಿ ದಿನಗಟ್ಟಲೆ ನಿಂತು, ಮುಂದಿನ ಸಲ ಕೊಟ್ಟದ್ದರೊಡನೆ ಕೂಡಿ ಕೂಡಿ ಬೆಳೆಯಬಹುದು.

ಇದನ್ನು ವೈದ್ಯಲೋಕ ಕಲಿತದ್ದು ದುಃಖದ ದಾರಿಯಿಂದಲೇ. ಕ್ಲೋರಾಂಫೆನಿಕಾಲ್ ಎಂಬುದು ವಿಷಮಶೀತಜ್ವರಕ್ಕೆ ಒಂದು ಕಾಲದಲ್ಲಿ ದೊಡ್ಡ ವರವಾಗಿದ್ದ ಔಷಧ. ದಿನ ತುಂಬುವ ಮುಂಚೆ ಹುಟ್ಟಿದ ಕೂಸುಗಳಿಗೆ ಸೋಂಕು ತಗುಲದಿರಲೆಂದು ಅದನ್ನು ಮುಂಚಿತವಾಗಿಯೇ ಕೊಡುವ ಪದ್ಧತಿಯಿತ್ತು. 1959ರಲ್ಲಿ ಲಾಸ್ ಏಂಜಲಿಸ್‌ನ ವೈದ್ಯರು ಲೆಕ್ಕ ಹಾಕಿ ನೋಡಿದಾಗ, ಔಷಧ ಕೊಡದೆ ಬಿಟ್ಟ ಕೂಸುಗಳಿಗಿಂತ ಕೊಟ್ಟ ಕೂಸುಗಳೇ ಹೆಚ್ಚು ಸತ್ತಿದ್ದುವು. ಎಳೆಯ ಯಕೃತ್ತು ಅದನ್ನು ಪಳಗಿಸಲಾರದೆ ಹೋದದ್ದೇ ಕಾರಣ.

ಆಸ್ಪಿರಿನ್ನಿನ ಕಥೆಯೂ ಹೀಗೆಯೇ. ಎಷ್ಟೋ ದಶಕಗಳ ಕಾಲ ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡುತ್ತಿದ್ದರು. ಯಕೃತ್ತನ್ನೂ ಮಿದುಳನ್ನೂ ಒಟ್ಟಿಗೆ ಕೆಡಿಸುವ ಒಂದು ಭಯಂಕರ ಕಾಯಿಲೆಯನ್ನು ಆಸ್ಟ್ರೇಲಿಯದ ರೇ ಎಂಬ ವೈದ್ಯರು 1963ರಲ್ಲಿ ವಿವರಿಸಿದರು. ಫ್ಲೂ, ಸೀತಾಳೆ ಸಿಡುಬು ಮೊದಲಾದ ಜ್ವರಗಳಲ್ಲಿ ಆಸ್ಪಿರಿನ್ ತೆಗೆದುಕೊಂಡ ಮಕ್ಕಳಲ್ಲಿ ಇದು ಹೆಚ್ಚೆಂದು ಆಮೇಲೆ ತಿಳಿದುಬಂತು. ವೈದ್ಯರು ಬೇರೆ ಕಾರಣಕ್ಕಾಗಿ ಹೇಳಿದ ಹೊರತು ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೂಡದು. ನಿಮೆಸುಲೈಡ್ ಎಂಬ ನೋವಿನ ಮಾತ್ರೆಯನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧಿಸಲಾಯಿತು. ದೊಡ್ಡವರ ಡಬ್ಬಿಯಲ್ಲಿ ಇವೆರಡೂ ಸಿಗುತ್ತವೆ ಎಂಬುದನ್ನು ನೆನಪಿಡಿ.

ಇನ್ನು ಕೆಮ್ಮಿನ ಸಿರಪ್ಪು. ಮಗು ಎರಡು ಸಲ ಕೆಮ್ಮಿತೆಂದರೆ ಸೀಸೆ ತರಿಸುವುದು ಅನೇಕ ಮನೆಗಳ ವಾಡಿಕೆ. 1937ರಲ್ಲಿ ಅಮೆರಿಕದಲ್ಲಿ ಒಂದು ಸಲ್ಫಾ ಔಷಧವನ್ನು ಸಿಹಿಯಾದ ದ್ರವದಲ್ಲಿ ಕರಗಿಸಿ ಮಾರಿದರು. ಆ ದ್ರವ ಡೈಎಥಿಲೀನ್ ಗ್ಲೈಕಾಲ್. ಕುಡಿದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಮೂತ್ರಪಿಂಡ ಕೆಟ್ಟು ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಅದರಿಂದಲೇ ಆ ದೇಶದಲ್ಲಿ 1938ರ ಔಷಧ ಕಾನೂನು ಹುಟ್ಟಿತು. ಆದರೂ ಅದೇ ವಿಷ ಮತ್ತೆ ಮತ್ತೆ ಸೀಸೆಯೊಳಗೆ ಬಂದು ಕುಳಿತಿದೆ. 2022ರಲ್ಲಿ ಆಫ್ರಿಕದ ಗ್ಯಾಂಬಿಯದಲ್ಲಿ ಬಂತು. 2025ರಲ್ಲಿ ನಮ್ಮದೇ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಬಲಿ ತೆಗೆದುಕೊಂಡಿತು. ಸೀಸೆಯಲ್ಲಿ ವಿಷ ಬೆರೆತಿದೆಯೇ ಎಂದು ತಾಯಿಯೊಬ್ಬಳು ಮನೆಯಲ್ಲಿ ಪರೀಕ್ಷಿಸಲಾರಳು. ಅದು ಸರ್ಕಾರದ ಹೊಣೆ, ತಯಾರಕರ ಹೊಣೆ. ಆದರೆ ಬೇಡವಾದ ಸೀಸೆಯನ್ನು ಮನೆಗೆ ತಾರದಿರುವುದು ನಮ್ಮ ಕೈಯಲ್ಲಿದೆ. ಎಳೆಯ ಮಕ್ಕಳ ನೆಗಡಿ ಕೆಮ್ಮು ಬಹುಮಟ್ಟಿಗೆ ತಾವಾಗಿಯೇ ವಾಸಿಯಾಗುವಂಥವು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧವನ್ನು ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರಿನಲ್ಲಿ ತಿಳಿಸಿದೆ. ಉಸಿರು ಏದುತ್ತಿದ್ದರೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಮಗು ಹಾಲು ಬಿಟ್ಟರೆ, ಆಗ ಬೇಕಾದದ್ದು ಸಿರಪ್ಪಲ್ಲ, ವೈದ್ಯರು.

ಎರಡನೆಯ ಪ್ರಶ್ನೆ, ಎಷ್ಟು? ಮಕ್ಕಳ ಔಷಧವನ್ನು ಗೊತ್ತುಮಾಡುವುದು ವಯಸ್ಸಿಗಿಂತ ಹೆಚ್ಚಾಗಿ ತೂಕದಿಂದ. ಜ್ವರಕ್ಕೆ ಎಲ್ಲರೂ ಬಲ್ಲ ಪ್ಯಾರಾಸಿಟಮಾಲ್ ಔಷಧವನ್ನೇ ತೆಗೆದುಕೊಳ್ಳಿ. ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಎಂಬುದು ಲೆಕ್ಕ. ಎಂದರೆ 10 ಕಿಲೋ ತೂಗುವ ಮಗುವಿಗೆ 100ರಿಂದ 150 ಮಿಲಿಗ್ರಾಂ. ಇನ್ನೊಂದು ಸಲ ಕೊಡಬೇಕಾದರೆ ನಡುವೆ ನಾಲ್ಕರಿಂದ ಆರು ಗಂಟೆ ಬಿಡಬೇಕು; ಹಗಲು ರಾತ್ರಿ ಕೂಡಿ ನಾಲ್ಕು ಸಲ ಮೀರಬಾರದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಈ ಲೆಕ್ಕವೂ ಬೇಡ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಲೆಕ್ಕ ಸುಲಭವಾಗಿ ಕಂಡರೂ ಇಲ್ಲಿ ಒಂದು ಬಲೆಯಿದೆ. ಈ ಔಷಧ ಅಂಗಡಿಯಲ್ಲಿ ಒಂದೇ ಶಕ್ತಿಯದಾಗಿ ಸಿಗುವುದಿಲ್ಲ. ಎಳೆಗೂಸುಗಳ ತೊಟ್ಟುಮದ್ದಿನಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಾದರೆ ಐದು ಮಿಲಿಲೀಟರಿಗೆ 120 ಅಥವಾ 125. ಅದರಲ್ಲೇ ಇನ್ನೊಂದು ಬಗೆಯಲ್ಲಿ 250. ಸಿರಪ್ಪಿಗೆ ರೂಢಿಯಾದ ತಾಯಿ, ಸೀಸೆ ಮುಗಿದಿದೆಯೆಂದು ತಂಗಿಯ ಕೂಸಿನ ತೊಟ್ಟುಮದ್ದನ್ನೇ ಐದು ಮಿಲಿಲೀಟರು ಅಳೆದು ಕೊಟ್ಟರೆ, 10 ಕಿಲೋ ತೂಕದ ಮಗುವಿನ ಹೊಟ್ಟೆಗೆ ಹೋದದ್ದು 500 ಮಿಲಿಗ್ರಾಂ. ಬೇಕಾದದ್ದರ ನಾಲ್ಕು ಪಾಲು. ಹೀಗೆ ಎರಡು ಮೂರು ಸಲವಾದರೆ ಯಕೃತ್ತಿಗೆ ಅಪಾಯ. ನೆಗಡಿಯ ಎಷ್ಟೋ ಮಿಶ್ರಣಗಳಲ್ಲಿಯೂ ಇದೇ ಔಷಧ ಸೇರಿರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು ಎಂದು ಕೊಟ್ಟಾಗ ಕೊಟ್ಟದ್ದು ಒಂದೇ ಮದ್ದನ್ನು ಎರಡು ಸಲ ಎಂಬುದು ತಾಯಿಗೆ ಗೊತ್ತಾಗುವುದೇ ಇಲ್ಲ. ಆದ್ದರಿಂದ ಸೀಸೆಯ ಮೇಲಿನ ದೊಡ್ಡ ಅಕ್ಷರದ ಹೆಸರನ್ನಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನೂ ಅಳತೆಯನ್ನೂ ಓದಬೇಕು. ಕಣ್ಣಿಗೆ ಕಾಣದಿದ್ದರೆ ಅಂಗಡಿಯವರಿಂದಲೇ ಓದಿಸಿಕೊಳ್ಳಬೇಕು.

ಅಡಿಗೆಮನೆಯ ಚಮಚದಿಂದ ಔಷಧವನ್ನು ಅಳೆಯಬೇಡಿ. ಕಾಫಿಯ ಚಮಚ, ಉಪ್ಪಿನಕಾಯಿಯ ಚಮಚ, ಬೆಳ್ಳಿಯ ಚಮಚ, ಒಂದಕ್ಕೊಂದು ಸಮನಲ್ಲ. ಒಳಲೆಯಲ್ಲಿ ಅಂದಾಜಿನಿಂದ ಹೊಯ್ಯುವುದೂ ಬೇಡ. ಸೀಸೆಯ ಜೊತೆಗೆ ಬರುವ ಗೆರೆಯಿರುವ ಮುಚ್ಚಳ, ತೊಟ್ಟಿಕ್ಕುವ ಕೊಳವೆ, ಇಲ್ಲವೇ ಸೂಜಿಯಿಲ್ಲದ ಸಿರಿಂಜು, ಇವೇ ಸರಿಯಾದ ಸಾಧನ. ಅಳೆದ ಮೇಲೆ ಮಗುವನ್ನು ತೊಡೆಯ ಮೇಲೆ ತಲೆಯೆತ್ತಿ ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಅಂಗಾತ ಮಲಗಿಸಿ, ಮೂಗು ಹಿಡಿದು ಗಂಟಲಿಗೆ ಸುರಿದರೆ ಔಷಧ ಶ್ವಾಸಕೋಶಕ್ಕೆ ಇಳಿಯಬಹುದು. ಮದ್ದನ್ನು ಮಿಠಾಯಿ ಎಂದು ಹೇಳಿ ಪುಸಲಾಯಿಸುವುದೂ ತರವಲ್ಲ. ನಾಳೆ ಆ ಮಿಠಾಯಿಯನ್ನು ಮಗು ತಾನೇ ಹುಡುಕಿಕೊಂಡು ಹೋಗುತ್ತದೆ.

ಅಳತೆಯ ಮಹಿಮೆಗೆ ಒಂದು ಒಳ್ಳೆಯ ಉದಾಹರಣೆಯನ್ನೂ ಹೇಳಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬನಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ಸಿಕ್ಕಿ ಸಾಯುತ್ತಿದ್ದಾಗ, ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ನೀರಿಗೆ ಉಪ್ಪು, ಸೋಡ, ಗ್ಲೂಕೋಸ್ ಅಳೆದು ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ನೂರಕ್ಕೆ ಮೂವತ್ತರವರೆಗೆ ಮುಟ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಕ್ಕೆ ಇಳಿಯಿತು. ಇಂದು ಅದೇ ಓ.ಆರ್.ಎಸ್. ಪುಡಿ ಪೊಟ್ಟಣದಲ್ಲಿ ಸಿಗುತ್ತದೆ. ಆದರೆ ಒಂದು ಲೀಟರು ನೀರಿಗೆಂದು ಬರೆದ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಅದು ಮದ್ದಲ್ಲ, ಬರಿಯ ಉಪ್ಪು. ಭೇದಿಯಿಂದ ಬಳಲಿದ ಮಗುವಿಗೆ ಅದರಿಂದಲೇ ಅಪಾಯವಾದೀತು. ಪೊಟ್ಟಣದಲ್ಲಿ ಹೇಳಿದಷ್ಟೂ ನೀರಿಗೆ ಪೂರ್ತಿ ಪುಡಿ, ಮಾಡಿದ್ದನ್ನು ಒಂದು ದಿನದೊಳಗೆ ಮುಗಿಸುವುದು, ಇದು ನಿಯಮ. ಜೊತೆಗೆ ವೈದ್ಯರು ಕೊಡುವ ಸತುವಿನ ಮಾತ್ರೆಯನ್ನು, ಭೇದಿ ನಿಂತರೂ ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಪುಡಿಗೆ ನೀರು ಬೆರೆಸುವ ಆ್ಯಂಟಿಬಯಾಟಿಕ್ ಸೀಸೆಗಳಲ್ಲಿಯೂ ಹಾಗೆಯೇ: ಗೆರೆಯವರೆಗೆ ಕುದಿಸಿ ಆರಿಸಿದ ನೀರು, ಪ್ರತಿ ಸಲವೂ ಚೆನ್ನಾಗಿ ಕುಲುಕುವುದು, ಲೇಬಲ್ಲಿನಲ್ಲಿ ಹೇಳಿದ ದಿನ ಕಳೆದ ಮೇಲೆ ಚೆಲ್ಲುವುದು. ಅದನ್ನು ಮುಂದಿನ ಕಾಯಿಲೆಗೆಂದು ಎತ್ತಿಡಬಾರದು.

ಮನೆಮದ್ದಿನ ಮಾತು ಬಂದರೆ ಹಿರಿಯರಿಗೆ ಬೇಸರವಾದೀತು. ಅಜ್ಜಿಯರ ಕೈಗುಣವನ್ನು ಹಳಿಯುವುದು ಸಲ್ಲದು. ದೊಡ್ಡ ಮಕ್ಕಳ ಕೆಮ್ಮಿಗೆ ಒಂದು ಚಮಚ ಜೇನು ಹಿತವಾದದ್ದೇ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು. ಅದರಲ್ಲಿ ಕೆಲವು ವೇಳೆ ಇರುವ ಒಂದು ಜಾತಿಯ ಸೂಕ್ಷ್ಮಾಣುವಿನ ಬೀಜ ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುವ ವಿಷ ಹುಟ್ಟಿಸಬಲ್ಲದು. ಬಜೆ, ಜಾಯಿಕಾಯಿ ತೇದು ಕುಡಿಸುವುದರಲ್ಲಿ ಎಷ್ಟು ತೇದರೆ ಎಷ್ಟು ಹೋಯಿತೆಂಬ ಲೆಕ್ಕವೇ ಇರುವುದಿಲ್ಲ. ಎಣ್ಣೆ ನೀರುವಾಗ ಕೂಸಿನ ಮೂಗಿಗೆ ಎಣ್ಣೆ ಬಿಡುವ ಪದ್ಧತಿಯಿಂದ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯೂಮೋನಿಯ ಆಗುವುದುಂಟು. ಮೊದಲ ಆರು ತಿಂಗಳು ಕೂಸಿನ ಬಾಯಿಗೆ ತಾಯಿಯ ಹಾಲು ಮತ್ತು ವೈದ್ಯರು ಹೇಳಿದ ಮದ್ದು, ಇವೆರಡೇ ಸಾಕು.

ಇನ್ನು ಮೂರನೆಯ ಪ್ರಶ್ನೆ, ಯಾವಾಗ? ಇದು ಗರ್ಭಿಣಿಯರ ವಿಷಯದಲ್ಲಿ ಎಲ್ಲಕ್ಕೂ ದೊಡ್ಡ ಪ್ರಶ್ನೆ.

ತಾಯಿ ನುಂಗಿದ್ದು ಕೂಸಿಗೆ ಮುಟ್ಟದಂತೆ ಮಾಸು ಗೋಡೆಯ ಹಾಗೆ ತಡೆಯುತ್ತದೆ ಎಂದು ಒಂದು ಕಾಲದಲ್ಲಿ ನಂಬಿದ್ದರು. ಆ ನಂಬಿಕೆಯನ್ನು ಮುರಿದದ್ದು ಥಾಲಿಡೊಮೈಡ್. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಈ ನಿದ್ರೆಯ ಮಾತ್ರೆ ಬಹಳ ಸಾಧುವಾದದ್ದೆಂದು ಹೆಸರು ಪಡೆಯಿತು. ಬಸುರಿಯರ ವಾಂತಿ ಸಂಕಟಕ್ಕೂ ಬಳಕೆಯಾಯಿತು. ಕೆಲವೇ ವರ್ಷಗಳಲ್ಲಿ ಕೈಕಾಲು ಬೆಳೆಯದ ಕೂಸುಗಳು ಹುಟ್ಟತೊಡಗಿದುವು. ಜರ್ಮನಿಯ ಲೆಂಟ್ಸ್, ಆಸ್ಟ್ರೇಲಿಯದ ಮೆಕ್‌ಬ್ರೈಡ್ ಎಂಬ ವೈದ್ಯರು ಕಾರಣವನ್ನು ಗುರುತಿಸಿದರು. 1961ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಮಾತ್ರೆಯನ್ನು ಹಿಂತೆಗೆದುಕೊಳ್ಳಲಾಯಿತು. ಅಷ್ಟರೊಳಗೆ ಜಗತ್ತಿನಲ್ಲಿ ಸುಮಾರು ಹತ್ತು ಸಾವಿರ ಕೂಸುಗಳಿಗೆ ಕೇಡಾಗಿತ್ತು. ಅಮೆರಿಕದಲ್ಲಿ ಮಾತ್ರ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿ, ಸಾಕಷ್ಟು ಆಧಾರವಿಲ್ಲವೆಂದು ಹಟ ಹಿಡಿದು ಮಾರಾಟಕ್ಕೆ ಒಪ್ಪಿಗೆ ಕೊಡದೆ ಎಷ್ಟೋ ಸಂಸಾರಗಳನ್ನು ಉಳಿಸಿದರು. ಈ ಕೇಡು ತಟ್ಟಿದ್ದು ಬಸುರು ನಿಂತ ಮೂರನೆಯ ವಾರದಿಂದ ಆರನೆಯ ವಾರದ ಆಚೀಚೆಗೆ, ಕೈಕಾಲು ಮೊಳೆಯುವ ಆ ಕೆಲವೇ ದಿನಗಳಲ್ಲಿ, ಮಾತ್ರೆ ನುಂಗಿದವರಿಗೆ. ತಾನು ಬಸುರಿಯೆಂದು ಹೆಂಗಸಿಗೆ ಆಗ ತಾನೇ ಅನುಮಾನ ಹುಟ್ಟುವ ಹೊತ್ತು ಅದು.

ಆದ್ದರಿಂದ ಮುಟ್ಟು ಒಂದು ವಾರ ತಪ್ಪಿದರೂ, ಯಾವ ಔಷಧದ ಮುಂಚೆಯೂ ವೈದ್ಯರಿಗೆ ಆ ಸಂಗತಿಯನ್ನು ಹೇಳಬೇಕು. ನಾಚಿಕೆಯಿಂದ ಮುಚ್ಚಿಡುವುದು ಬೇಡ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್, ರಕ್ತದೊತ್ತಡದ ಕೆಲವು ಮಾತ್ರೆಗಳು ಬಸುರಿನಲ್ಲಿ ಕೂಸಿಗೆ ಕೆಡುಕು ಮಾಡುವಂಥವು. ಸೊಂಟನೋವಿಗೆ ನಾವು ಸಹಜವಾಗಿ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಇಪ್ಪತ್ತು ವಾರ ದಾಟಿದ ಮೇಲೆ ಕೂಸಿನ ಮೂತ್ರಪಿಂಡಕ್ಕೂ, ಇನ್ನೂ ದಿನ ಕಳೆದಂತೆ ಅದರ ಹೃದಯದ ಬಳಿಯ ರಕ್ತನಾಳಕ್ಕೂ ತೊಂದರೆ ಮಾಡಬಲ್ಲವು.

ಹಾಗಾದರೆ ಬಸುರಿಯಾದವಳು ಯಾವ ಮಾತ್ರೆಯನ್ನೂ ಮುಟ್ಟದಿದ್ದರೆ ಕ್ಷೇಮವಲ್ಲವೇ ಎಂದು ಕೇಳಬಹುದು. ಅಲ್ಲ. ಈ ಅಂಜಿಕೆಯಿಂದಾಗುವ ಹಾನಿಯೂ ಚಿಕ್ಕದಲ್ಲ. ಮೂರ್ಛೆರೋಗದ, ಥೈರಾಯ್ಡಿನ, ಸಿಹಿಮೂತ್ರರೋಗದ ಔಷಧವನ್ನು ತಾನಾಗಿಯೇ ನಿಲ್ಲಿಸಿದ ತಾಯಿಗೆ ಮೂರ್ಛೆ ಬಂದರೆ, ಸಕ್ಕರೆ ಏರಿದರೆ, ಕೇಡು ಇಬ್ಬರಿಗೂ. ಮಾತ್ರೆ ಬದಲಾಗಬೇಕಾದರೆ ವೈದ್ಯರು ಬದಲಾಯಿಸುತ್ತಾರೆ. ಸಾಧ್ಯವಾದರೆ ಬಸುರಾಗುವ ಮುಂಚೆಯೇ ಕೇಳುವುದು ಉತ್ತಮ. ಮಕ್ಕಳಿಗೆ ಕೂಡದೆಂದ ಆಸ್ಪಿರಿನ್ನನ್ನೇ, ಬಸುರಿನಲ್ಲಿ ರಕ್ತದೊತ್ತಡ ಏರುವ ಭಯವಿರುವ ಕೆಲವರಿಗೆ ಚಿಕ್ಕ ಪ್ರಮಾಣದಲ್ಲಿ ವೈದ್ಯರೇ ಬರೆದುಕೊಡುತ್ತಾರೆ. ಯಾರಿಗೆ, ಎಷ್ಟು, ಯಾವಾಗ ಎಂಬ ಮಾತಿನ ತಿರುಳು ಇಲ್ಲಿಯೇ ಇದೆ.

ಕೆಲವು ಮಾತ್ರೆಗಳನ್ನಂತೂ ನುಂಗಲೇಬೇಕು. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆಗಿರಣಿಗಳಲ್ಲಿ ದುಡಿಯುವ ಬಸುರಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟಿನ ಸಾರದಿಂದ ಅದು ವಾಸಿಯಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಸತ್ವವೇ ಆಮೇಲೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಇದೇ ಸತ್ವ ಕೂಸಿನ ಬೆನ್ನುಹುರಿಯ ನ್ಯೂನತೆಯನ್ನೂ ತಡೆಯುತ್ತದೆ. ಆ ಹುರಿಯ ಕೊಳವೆ ಮುಚ್ಚಿಕೊಳ್ಳುವುದು ಬಸುರು ನಿಂತ ನಾಲ್ಕು ವಾರದೊಳಗೆ; ಆದ್ದರಿಂದ ಮಗು ಬೇಕೆಂದು ನಿಶ್ಚಯಿಸಿದಾಗಲೇ ಈ ಮಾತ್ರೆ ಶುರುವಾಗಬೇಕು. ನಾಲ್ಕನೆಯ ತಿಂಗಳಿಂದ ಕಬ್ಬಿಣಾಂಶದ ಮಾತ್ರೆ ದಿನಕ್ಕೊಂದು, ಕಡಿಮೆಯೆಂದರೆ 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ನಮ್ಮ ದೇಶದಲ್ಲಿ 2019–21ರ ಸಮೀಕ್ಷೆಯಂತೆ ನೂರಕ್ಕೆ 52 ಮಂದಿ ಗರ್ಭಿಣಿಯರಿಗೆ ರಕ್ತಹೀನತೆಯಿತ್ತು. ಮಾತ್ರೆಯಿಂದ ಮಲ ಕಪ್ಪಗಾಗುತ್ತದೆ. ಅದಕ್ಕೆ ಹೆದರಿ ಬಿಡಬಾರದು. ಕಾಫಿ ಟೀಗಳ ಜೊತೆಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಸುಣ್ಣದಂಶದ, ಎಂದರೆ ಕ್ಯಾಲ್ಸಿಯಂ ಮಾತ್ರೆಯನ್ನೂ ಇದನ್ನೂ ಒಂದೇ ಹೊತ್ತಿನಲ್ಲಿ ತೆಗೆದುಕೊಳ್ಳಬಾರದು.

ಹೆರಿಗೆಯ ಹೊತ್ತಿಗೆ ಬರೋಣ. ಗರ್ಭಕೋಶವನ್ನು ಬಿಗಿಯುವಂತೆ ಮಾಡುವ ಆಕ್ಸಿಟೋಸಿನ್ ಎಂಬ ರಸವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ದ್ಯು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಬಹುಮಾನ ಬಂತು. ಕೂಸು ಹುಟ್ಟಿದೊಡನೆ ತಾಯಿಗೆ ಇದರ 10 ಯೂನಿಟ್ಟಿನ ಒಂದು ಚುಚ್ಚುಮದ್ದು ಕೊಟ್ಟರೆ ಗರ್ಭಕೋಶ ಬಿಗಿದು ರಕ್ತಸ್ರಾವ ತಗ್ಗುತ್ತದೆ. ಎಷ್ಟೋ ತಾಯಂದಿರನ್ನು ಇದು ಉಳಿಸಿದೆ. ಅದೇ ಚುಚ್ಚುಮದ್ದನ್ನು ಕೂಸು ಹುಟ್ಟುವ ಮುಂಚೆ, ಬೇಗ ಹೆರಿಗೆಯಾಗಲೆಂದು ಮನೆಯಲ್ಲಿ ಚುಚ್ಚಿಸಿದರೆ? ನೋವು ಮೇಲಿಂದ ಮೇಲೆ ಬಂದು ಕೂಸಿಗೆ ಉಸಿರು ಸಾಲದೆ ಹೋಗಬಹುದು; ಗರ್ಭಕೋಶವೇ ಹರಿಯಬಹುದು. ಚುಚ್ಚಿದ್ದನ್ನು ಹಿಂದಕ್ಕೆ ತೆಗೆಯಲಾಗುವುದಿಲ್ಲ. ಆಸ್ಪತ್ರೆಯಲ್ಲಿ ನೋವು ಬರಿಸಬೇಕಾದಾಗ ಡ್ರಿಪ್ಪಿನಲ್ಲಿ ತೊಟ್ಟು ತೊಟ್ಟಾಗಿ, ಕೂಸಿನ ಎದೆಬಡಿತವನ್ನು ಕೇಳುತ್ತ ಕೊಡುತ್ತಾರೆ. ಹೆಚ್ಚಾಯಿತೆಂದು ಕಂಡರೆ ಕೂಡಲೇ ನಿಲ್ಲಿಸುತ್ತಾರೆ. ಔಷಧ ಅದೇ; ಹೊತ್ತು ಬೇರೆ, ಅಳತೆ ಬೇರೆ. ಅವಸರಕ್ಕೆ ಸೂಜಿ ಚುಚ್ಚುವವರನ್ನು ಮನೆಗೆ ಕರೆಸಬೇಡಿರೆಂದು ಮನೆಯ ಹಿರಿಯ ಹೆಂಗಸರಲ್ಲಿ ಮುಖ್ಯವಾಗಿ ಬಿನ್ನವಿಸುತ್ತೇನೆ.

ಇದಕ್ಕೆ ಜೋಡಿಯಾದ ಇನ್ನೊಂದು ಮಾತ್ರೆ ಮೈಸೊಪ್ರೊಸ್ಟಾಲ್. ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಮಂದಿ ತಾಯಂದಿರನ್ನು ಸೇರಿಸಿಕೊಂಡು ನಡೆದ ಪರೀಕ್ಷೆಯ ಫಲ 2006ರಲ್ಲಿ ಪ್ರಕಟವಾಯಿತು. ದಾದಿಯರು ಹೆರಿಗೆಯಾದೊಡನೆ ಈ ಮಾತ್ರೆ ಕೊಟ್ಟವರಲ್ಲಿ ಹೆಚ್ಚಿನ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. ಚುಚ್ಚುಮದ್ದು ಸಿಗದ ಕಡೆ ಇದು ದೊಡ್ಡ ಆಸರೆ. ಆದರೆ ಇದೇ ಮಾತ್ರೆ ಬಸುರಿನ ಮೊದಲ ತಿಂಗಳುಗಳಲ್ಲಿ ಗರ್ಭವನ್ನು ಇಳಿಸುವಂಥದು, ಉಳಿದ ಕೂಸಿಗೆ ಊನ ತರಬಲ್ಲದು. ಅದನ್ನು ಕದ್ದುಮುಚ್ಚಿ ತರಿಸಿ ನುಂಗಿ ರಕ್ತ ಹರಿದು ಆಸ್ಪತ್ರೆ ಸೇರುವ ಹೆಣ್ಣುಮಕ್ಕಳಿದ್ದಾರೆ.

ಬಾಣಂತಿಗೂ ಒಂದು ಮಾತು. ಮಾತ್ರೆ ನುಂಗುತ್ತಿದ್ದೇನೆಂದು ಕೂಸಿಗೆ ಹಾಲು ಬಿಡಿಸಬೇಡಿ. ಬಹುಪಾಲು ಔಷಧಗಳು ಹಾಲಿಗೆ ಬರುವುದು ಅತ್ಯಲ್ಪ. ಕೂಡದೆಂಬವು ಕೆಲವೇ, ಅದನ್ನು ವೈದ್ಯರು ಹೇಳಬೇಕು, ನೆರೆಮನೆಯವರಲ್ಲ.

ಕೊನೆಗೆ, ಮತ್ತೆ ಕಬ್ಬಿಣದ ಮಾತ್ರೆಯ ಮಾತು. ಕೆಂಪಗೆ, ಸಕ್ಕರೆಯ ಲೇಪವಿದ್ದು, ಪೆಪ್ಪರಮೆಂಟಿನಂತೆ ಕಾಣುವ ಈ ಮಾತ್ರೆ ಬಸುರಿಗೆ ರಕ್ತ ಕೊಡುತ್ತದೆ. ಅವಳ ಎರಡು ವರ್ಷದ ಮೊದಲ ಮಗು ಅದೇ ಮಾತ್ರೆಗಳನ್ನು ಒಂದು ಹಿಡಿ ತಿಂದರೆ ಪ್ರಾಣಕ್ಕೇ ಬರಬಹುದು. ಹಾಸಿಗೆಯ ಪಕ್ಕ, ಕಿಟಕಿಯ ಮೇಲೆ, ಕೈಚೀಲದಲ್ಲಿ ಅದನ್ನು ಇಡಬೇಡಿ. ಎತ್ತರದಲ್ಲಿ, ಬೀಗವಿರುವ ಕಡೆ ಇಡಿ. ಮಗು ಯಾವುದನ್ನಾದರೂ ನುಂಗಿತೆಂದು ಅನುಮಾನ ಬಂದರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ, ಮಾತ್ರೆಯ ಪಟ್ಟಿಯನ್ನೋ ಸೀಸೆಯನ್ನೋ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೊರಡಿ.

ಇವೊತ್ತೇ ಆ ಡಬ್ಬಿಯನ್ನು ಕೆಳಗಿಳಿಸಿ. ಅವಧಿ ಮೀರಿದ್ದನ್ನು, ಹೆಸರು ಅಳಿಸಿದ್ದನ್ನು, ಹಿಂದಿನ ಕಾಯಿಲೆಯಿಂದ ಉಳಿದ ಸೀಸೆಗಳನ್ನು ತೆಗೆದುಹಾಕಿ. ಒಂದು ಕಾಗದದ ಮೇಲೆ ಮನೆಯ ಪ್ರತಿಯೊಂದು ಮಗುವಿನ ತೂಕ, ತೂಗಿದ ತಾರೀಖು, ಒಗ್ಗದ ಔಷಧವಿದ್ದರೆ ಅದರ ಹೆಸರು, ಇಷ್ಟನ್ನು ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ. ಔಷಧ ಕೊಟ್ಟಾಗಲೆಲ್ಲ ಗಂಟೆಯನ್ನು ಅಲ್ಲಿಯೇ ಗುರುತು ಹಾಕಿ; ತಾಯಿ ಕೊಟ್ಟದ್ದು ತಿಳಿಯದೆ ಅಜ್ಜಿ ಮತ್ತೊಮ್ಮೆ ಕೊಡುವುದು ತಪ್ಪುತ್ತದೆ. ಕಾಲು ಗಂಟೆಯ ಕೆಲಸ. ನಡುರಾತ್ರಿಯಲ್ಲಿ, ನಿದ್ದೆಗಣ್ಣಿನಲ್ಲಿ, ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡವರಿಗೆ ಆ ಕಾಗದವೇ ದಾರಿ ತೋರಿಸುತ್ತದೆ.